ಗುಳುಮುಳುಕದ ಬಾಣಂತನ

ದಟ್ಟಗಳ್ಳಿಯ ನಮ್ಮ ಬಡಾವಣೆಯವರಿಗೆ ಸ್ವಚ್ಛತೆ ಅನ್ನುವ ಪದ ಕಿವಿಗೆ ಬಿದ್ದರೆ ಸಾಕು, ಏನನ್ನಾದರೂ ಕೀಳುವುದಕ್ಕೆ ಕೈ ತುರಿಸುತ್ತದೆ. ಖಾಲಿ ಸೈಟಿನಲ್ಲಿ ಹುಲ್ಲು ಬೆಳೆದರೆ ಬೆಂಕಿ ಇಡುತ್ತಾರೆ. ಪಾರ್ಕಿನಲ್ಲಿ ತರಗೆಲೆ ಬಿದ್ದರೆ ಗುಡಿಸಿ ಅದಕ್ಕೂ ಬೆಂಕಿ ಇಡುತ್ತಾರೆ. ಮರದಲ್ಲಿ ಕಂಬಳಿಹುಳು ಕಂಡಿತೋ, ಕೊಂಬೆಯನ್ನೇ ಇಳಿಸುತ್ತಾರೆ. ಆಮೇಲೆ ಈಗೀಗ ಚಿಟ್ಟೆಗಳೇ ಕಾಣಲ್ಲ ನೋಡಿ ಎಂದು ನನ್ನ ಹತ್ತಿರವೇ ಬಂದು ಪೇಚಾಡುತ್ತಾರೆ. ನಾನು ಲಕ್ಷ್ಮೀಪುರಂನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಮಕ್ಕಳಿಗೆ ಪಾಠ ಹೇಳುವಾಗ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ದೊಡ್ಡವರಿಗೆ ಹೇಳುವುದಿದೆಯಲ್ಲ, ಅದು ಬಿಪಿ ಏರಿಸುವ ಕೆಲಸ.

ಬಡಾವಣೆಯ ತಗ್ಗಿನಲ್ಲಿ ಒಂದು ಕಟ್ಟೆ ಇದೆ. ಕೆರೆ ಅನ್ನುವಷ್ಟು ದೊಡ್ಡದಲ್ಲ, ಹೊಂಡ ಅಂದರೆ ಅದಕ್ಕೆ ಅವಮಾನ. ನಾವು ಚಾಮರಾಜಪುರಂನ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದಾಗ ಸುತ್ತಲ ಬೀದಿಗಳ ಕೊಚ್ಚೆಯೆಲ್ಲ ಅದರೊಳಕ್ಕೇ ಹೋಗುತ್ತಿತ್ತು. ಚರಂಡಿ ಬೇರೆ ಕಡೆಗೆ ತಿರುಗಿಸಿ ಎಂದು ನಾನು ಅಲೆಯದ ಕಚೇರಿಯಿಲ್ಲ, ಕೈಮುಗಿಯದ ಟೇಬಲ್ಲಿಲ್ಲ. ವರ್ಷಗಟ್ಟಲೆ ಸತಾಯಿಸಿ ಕಡೆಗೂ ತಿರುಗಿಸಿದರು. ಅದಾದ ಮೇಲೆ ಎರಡು ಮಳೆಗಾಲ ಕಳೆಯುವುದರಲ್ಲಿ ನೀರು ತಿಳಿಯಾಯಿತು. ದಡದಲ್ಲಿ ಯಾರೂ ನೆಡದ ಜೊಂಡು ಆಳೆತ್ತರ ಬೆಳೆದು ನಿಂತಿತು. ಜೊಂಡಿನ ಹಿಂದೆಯೇ ಏರೋಪ್ಲೇನ್ ಚಿಟ್ಟೆಗಳು ಬಂದವು, ಕಪ್ಪೆಗಳು ಬಂದವು, ಆಮೇಲೆ ಗುಳುಮುಳುಕ ಬಂತು. ನನ್ನ ಮುಷ್ಟಿಗಿಂತ ಕೊಂಚ ದೊಡ್ಡದು, ಇಟ್ಟಿಗೆ ಬಣ್ಣದ ಕತ್ತು. ನೋಡ್ತಾ ನೋಡ್ತಾ ಮುಳುಗಿ ಮಾಯವಾಗಿ ಇನ್ನೆಲ್ಲೋ ಏಳುವ ಹಕ್ಕಿ. ಅದನ್ನು ಮೊದಲ ಸಲ ಕಂಡ ದಿನ ನಾನು ಮನೆಗೆ ಬಂದು ಪಾಯಸ ಮಾಡಿದ್ದೆ.

ನಮ್ಮ ಬಡಾವಣೆ ಸಂಘದವರಿಗೆ ಕಂಡಿದ್ದು ಜೊಂಡು ಮಾತ್ರ. ಈ ಸಲ ಮುಂಗಾರು ಚೆನ್ನಾಗಿ ಹಿಡಿದು ಕಟ್ಟೆ ತುಂಬಿತು. ಬಾಗಿನ ಬಿಡಬೇಕು ಎಂದು ಮಹಿಳಾ ಮಂಡಳಿಯವರು ತೀರ್ಮಾನಿಸಿದರು. ಮಂಡಳಿಯ ಮುಂದಾಳು ನಮ್ಮ ಎದುರು ಮನೆಯಾಕೆ. ನಂಜನಗೂಡಿನ ಕಡೆಯ ಒಕ್ಕಲು ಮನೆತನದವರು, ಗಂಡನದು ಹಾರ್ಡ್‌ವೇರ್ ಅಂಗಡಿ. ಊರಿನಲ್ಲಿ ಕೆರೆ ತುಂಬಿದರೆ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ಗಂಗಮ್ಮನಿಗೆ ಕೊಟ್ಟು ಬೆಳೆದವರು. ಅದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಜೊಂಡಿನಿಂದಾಗಿ ನೀರೇ ಕಾಣುವುದಿಲ್ಲ, ಬಾಗಿನವನ್ನು ಹುಲ್ಲಿನ ಮೇಲೆ ಬಿಡುವುದೇ ಎಂದು ಯಾರೋ ಅಂದರು. ಸಂಘದ ಕಾರ್ಯದರ್ಶಿಗೆ ಅಷ್ಟೇ ಸಾಕಾಯಿತು. ಜೆಸಿಬಿ ತರಿಸಿ ಎಲ್ಲ ಬಳಿದು, ಸುತ್ತ ಕಲ್ಲು ಕಟ್ಟಿ, ಮಧ್ಯೆ ಕಾರಂಜಿ ಇಡೋಣ ಎಂದು ಆ ಮನುಷ್ಯ ಮೊಬೈಲಿನಲ್ಲಿ ಚಿತ್ರ ತೋರಿಸಿದರು.

ಗಣಪತಿ ಗುಡಿಯ ಹಜಾರದಲ್ಲಿ ಸಭೆ. ನಾನು ಎದ್ದು ನಿಂತು ಜೊಂಡಿನ ಬೇರು ನೀರಿನ ಕೊಳೆಯನ್ನು ಹೇಗೆ ಹೀರುತ್ತದೆ, ಮೀನುಮರಿಗಳು ಎಲ್ಲಿ ಅವಿತುಕೊಳ್ಳುತ್ತವೆ, ಏರೋಪ್ಲೇನ್ ಚಿಟ್ಟೆ ಎಷ್ಟು ಸೊಳ್ಳೆ ತಿನ್ನುತ್ತದೆ ಎಂದು ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಕಾರ್ಯದರ್ಶಿ ಅಮೂಲ್ಯ ಮಾಹಿತಿಗಾಗಿ ಧನ್ಯವಾದ ಹೇಳಿ, ಸರಿ, ಜೆಸಿಬಿ ಯಾವತ್ತಿಗೆ ಹೇಳಲಿ ಅಂದರು. ನನಗೆ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ಅಲ್ಲಿ ಬಾಣಂತಿ ಇದಾಳ್ರೀ. ಬಾಣಂತಿ ಇರೋ ಮನೆ ಸೂರು ಕೀಳ್ತೀರಾ?"

ಎಲ್ಲರೂ ನನ್ನತ್ತ ತಿರುಗಿದರು. ಎದುರು ಮನೆಯಾಕೆ ಮೆತ್ತಗೆ, ಎಲ್ಲಿ, ನನಗೆ ತೋರಿಸಿ ಅಕ್ಕ ಅಂದರು.

ಮಾರನೆಯ ಬೆಳಿಗ್ಗೆ ಕರೆದುಕೊಂಡು ಹೋದೆ. ಗುಳುಮುಳುಕ ಜೊಂಡಿನ ಬುಡಕ್ಕೆ ಜೊಂಡಿನದೇ ಕೊಳೆತ ಎಲೆ ಒಟ್ಟಿ ತೇಲುವ ಗೂಡು ಕಟ್ಟಿತ್ತು. ನಾವು ಹತ್ತಿರವಾದದ್ದೇ ತಡ, ಗಡಬಡಿಸಿ ಒದ್ದೆ ಎಲೆಗಳನ್ನು ಮೊಟ್ಟೆಯ ಮೇಲೆ ಎಳೆದು ಮುಚ್ಚಿ ನೀರಿಗೆ ಜಾರಿತು. ಎದುರು ಮನೆಯಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕೂಸಿಗೆ ದುಪ್ಪಟಿ ಹೊದಿಸಿ ಹೋಗುತ್ತದಲ್ಲಕ್ಕ ಎಂದು ಕಣ್ಣು ಒರೆಸಿಕೊಂಡರು. ಅಲ್ಲಿಂದ ನೆಟ್ಟಗೆ ಕಾರ್ಯದರ್ಶಿಯ ಮನೆಗೆ ಹೋಗಿ, ಮರಿಗಳು ಆಚೆ ಬರುವ ತನಕ ಕಟ್ಟೆಗೆ ಯಾರೂ ಕೈ ಹಾಕಕೂಡದು, ಬಾಗಿನವನ್ನು ಜೊಂಡಿಲ್ಲದ ಮೆಟ್ಟಿಲಿನ ಕಡೆ ಬಿಡುತ್ತೇವೆ ಅಂದರು. ಆಯಪ್ಪ ಮುಖ ಹುಳ್ಳಗೆ ಮಾಡಿಕೊಂಡು ಒಪ್ಪಿದರು. ನಾನು ಮಹಾ ಗೆದ್ದವಳ ಥರ ಮನೆಗೆ ಬಂದೆ.

ನಮ್ಮ ಹೆಂಗಸರು ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಹೋಗುವುದಿಲ್ಲ ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಮೊದಲು ಎದುರು ಮನೆಯಾಕೆಯೇ ಬಿಸಿ ಅನ್ನಕ್ಕೆ ತುಪ್ಪ, ಮೆಣಸಿನ ಪುಡಿ ಕಲಸಿ ತಂದು, ನೀರಂಚಿನ ಕಲ್ಲಿನ ಮೇಲೆ ಎಲೆ ಹಾಸಿ ಇಟ್ಟರು. ಮಾರನೆಯ ದಿನ ಪಕ್ಕದ ಬೀದಿಯವರೊಬ್ಬರು ಕೊಬ್ಬರಿ ಬೆಲ್ಲ ಇಟ್ಟರು. ಇನ್ನೊಬ್ಬರಂತೂ ಸಬ್ಬಸಿಗೆ ಸೊಪ್ಪಿನ ಪಲ್ಯ ತಂದಿದ್ದರು, ಎದೆಹಾಲು ಹೆಚ್ಚಲಿ ಎಂದು. ಹಕ್ಕಿಗೆ. ನಾನು ಹಣೆ ಚಚ್ಚಿಕೊಂಡೆ. ಅದು ತಿನ್ನುವುದು ಮೀನುಮರಿ, ನೀರಿನ ಹುಳ. ಅನ್ನ ಮೂಸಿಯೂ ನೋಡಲ್ಲ. ನೀವು ಹತ್ತಿರ ಹೋದಾಗಲೆಲ್ಲ ಅದು ಹೆದರಿ ಗೂಡು ಬಿಡುತ್ತದೆ. ಅನ್ನಕ್ಕೆ ಕಾಗೆಗಳು ಬರುತ್ತವೆ, ಬಂದ ಕಾಗೆಗೆ ಗೂಡು ಕಾಣುತ್ತದೆ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಅವರ ಉತ್ತರ ಒಂದೇ: ಎಲೆ ದಿನವೂ ಖಾಲಿಯಾಗಿರುತ್ತದೆ, ತಿನ್ನದೆ ಎಲ್ಲಿ ಹೋಗುತ್ತದೆ? ಕಾಗೆ ತಿಂದದ್ದು ಅಂದರೆ, ನಿಮ್ಮದು ಯಾವಾಗಲೂ ಬಯ್ಯುವುದೇ ಆಯಿತು ಎಂದು ನಕ್ಕರು. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು. ಇಷ್ಟು ಒಳ್ಳೆಯವರ ಜೊತೆ ಏನಂತ ಜಗಳವಾಡುವುದು?

ಒಂದು ಬೆಳಿಗ್ಗೆ ಹೋಗುವ ಹೊತ್ತಿಗೆ ಜೊಂಡಿನ ಮೇಲೆಲ್ಲ ಕಾಗೆ. ಗೂಡಿನ ಮೇಲಿನ ಎಲೆ ಕೆದರಿಹೋಗಿತ್ತು, ಒಂದು ಚೂರು ಚಿಪ್ಪು ನೀರಿನಲ್ಲಿ ತೇಲುತ್ತಿತ್ತು. ಗುಳುಮುಳುಕ ಕೊಕ್ಕಿನಲ್ಲಿ ಒಂದು ಎಳೆ ಕಚ್ಚಿಕೊಂಡು ಖಾಲಿ ಗೂಡಿನ ಸುತ್ತ ಈಜುತ್ತಲೇ ಇತ್ತು. ಮುಚ್ಚುವುದಕ್ಕೆ ತಂದ ಎಲೆ ಇರಬೇಕು. ನಾನು ಕಲ್ಲು ಹುಡುಕಿ ಹುಡುಕಿ ಕಾಗೆಗಳಿಗೆ ಬೀರಿದೆ, ಒಂದಕ್ಕೂ ತಾಗಲಿಲ್ಲ. ಸಿಟ್ಟಿಗೆ ಅಳು ಬಂತು. ಅಷ್ಟರಲ್ಲಿ ಎದುರು ಮನೆಯಾಕೆ ಡಬ್ಬಿ ಹಿಡಿದು ಬಂದವರು ನೋಡಿದರು, ಏರಿಯ ಮೇಲೆ ಕುಸಿದು ಕೂತರು. ಹೇಳಿದ್ದೆನಲ್ಲ ಎಂಬ ಮಾತು ನನ್ನ ನಾಲಿಗೆ ತುದಿಯಲ್ಲಿತ್ತು. ಅವರ ಮುಖ ನೋಡಿ ನುಂಗಿಕೊಂಡೆ.

ಸುದ್ದಿ ಮುಟ್ಟಿದ ಮೇಲೆ ಕಾರ್ಯದರ್ಶಿಯ ಫೋನು. ಪಾಪ, ಹೀಗಾಗಬಾರದಿತ್ತು ಮೇಡಂ ಎಂದು ನಯವಾಗಿ ಶುರುಮಾಡಿ, ಹೇಗೂ ಈಗ ಬಾಣಂತಿ ಇಲ್ಲವಲ್ಲ, ನಾಳೆಗೇ ಜೆಸಿಬಿ ಹೇಳಿದ್ದೇನೆ ಅಂದರು. ಮೊಟ್ಟೆ ಹೋದರೆ ಈ ಹಕ್ಕಿ ಇದೇ ಮಳೆಗಾಲದಲ್ಲಿ ಮತ್ತೆ ಇಡಬಹುದು, ಜೊಂಡು ಇದ್ದರೆ ತಾನೇ ಎಂದು ನಾನು ಫೋನಿನಲ್ಲೇ ಕೂಗಾಡಿದೆ. ಮುಂದಿನ ವರ್ಷ ನೋಡೋಣ ಮೇಡಂ ಎಂದು ಇಟ್ಟರು.

ಬೆಳಿಗ್ಗೆ ನಾನು ಓಡಿ ಹೋಗುವಷ್ಟರಲ್ಲಿ ಜೆಸಿಬಿ ಒಂದು ಬದಿಯ ಜೊಂಡನ್ನು ಬೇರುಸಮೇತ ಎತ್ತಿ ದಡಕ್ಕೆ ಸುರಿದಿತ್ತು. ಆ ರಾಶಿಯಲ್ಲಿ ಬೆರಳುದ್ದದ ಮೀನುಗಳು ಪಟಪಟ ಒದ್ದಾಡುತ್ತಿದ್ದವು. ನಾನು ಮತ್ತೆ ಬೇರು, ಕೊಳೆ, ಸೊಳ್ಳೆ ಎಂದು ಗಂಟಲು ಹರಿದುಕೊಂಡೆ. ಕಾರ್ಯದರ್ಶಿ ಮುಗುಳ್ನಗುತ್ತಾ ಕೈಕಟ್ಟಿ ನಿಂತಿದ್ದರು. ಆಗ ಎದುರು ಮನೆಯಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಜೆಸಿಬಿಯ ಮುಂದೆಯೇ ನಿಂತರು. ದನಿಯನ್ನೂ ಏರಿಸಲಿಲ್ಲ.

"ಕೂಸು ಕಳ್ಕಂಡೋಳ್ನ ಅವತ್ತೇ ಮನೆಯಿಂದ ಆಚಿಕ್ ಹಾಕ್ತಾರೇನ್ರೀ? ನಿಮ್ಮನೇಲಿ ಹೆಣ್ಮಕ್ಳಿಲ್ವಾ?"

ಜೆಸಿಬಿಯವನು ಇಂಜಿನ್ ಆರಿಸಿದ. ಕಾರ್ಯದರ್ಶಿ ಸುತ್ತ ಸೇರಿದ್ದ ಹೆಂಗಸರನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಇಷ್ಟು ದಿನ ಬಾಯಿ ಬಡಿದುಕೊಂಡು ಮಾಡಲಾಗದ್ದನ್ನು ಈಕೆ ಒಂದೇ ಮಾತಿನಲ್ಲಿ ಮಾಡಿದ್ದರು. ಖುಷಿಯಾಯಿತೇ ಅಂದರೆ ಆಯಿತು, ಸುಳ್ಳೇಕೆ. ಆದರೆ ಇದೇ ಕೈ ತಾನೇ ಅನ್ನ ಇಟ್ಟದ್ದು ಎಂದು ಒಳಗೊಳಗೇ ಕುದಿಯುತ್ತಲೂ ಇತ್ತು. ಅರ್ಧ ಜೊಂಡು ಉಳಿಯಿತು.

ಕೆಲವು ದಿನಗಳ ಮೇಲೆ ಉಳಿದ ಆ ಜೊಂಡಿನೊಳಗೆ ಗುಳುಮುಳುಕ ಮತ್ತೆ ಎಲೆ ಎಳೆಯುವುದು ಕಂಡೆ. ಯಾರಿಗೂ ಬಾಯಿ ಬಿಡಲಿಲ್ಲ. ಆದರೆ ಎದುರು ಮನೆಯಾಕೆಗೂ ಕಣ್ಣಿದೆಯಲ್ಲ. ಒಂದು ಬೆಳಿಗ್ಗೆ ಏರಿಯ ತುದಿಯಲ್ಲಿ ನೋಡುತ್ತೇನೆ, ಕೈಯಲ್ಲಿ ಅದೇ ಸ್ಟೀಲ್ ಡಬ್ಬಿ. ನನ್ನ ತಲೆ ಸಿಡಿಯಿತು. ಅಡ್ಡ ಹಾಕಿ, ಅಷ್ಟೆಲ್ಲ ಆದರೂ ಬುದ್ಧಿ ಬರಲಿಲ್ಲವೇ ಎಂದು ಕೇಳಿಯೇಬಿಟ್ಟೆ. ಅವರ ಕಣ್ಣು ತುಂಬಿತು.

"ಬೈಬ್ಯಾಡಿ ಅಕ್ಕ. ಒಂದ್ ಕಿತ ಕಳ್ಕಂಡವ್ಳೆ. ಬರಿಗೈಲಿ ಎಂಗ್ ಬರದು ಏಳಿ?"

ಹತ್ತಿರದ ವಿದ್ಯುತ್ ತಂತಿಯ ಮೇಲೆ ಆಗಲೇ ಕಾಗೆಯೊಂದು ಬಂದು ಕೂತಿತ್ತು. ಡಬ್ಬಿಯನ್ನು ಅವರ ಕೈಯಿಂದ ಕಿತ್ತುಕೊಂಡು, ನೀರಿಗೆ ದೂರವಾಗಿ ಏರಿಯ ಮೇಲೆ ಕೂತು ಮುಚ್ಚಳ ತೆಗೆದೆ. ನನಗೆ ಸಕ್ಕರೆ ಕಾಯಿಲೆ. ಅನ್ನ ಮುಟ್ಟಕೂಡದು ಎಂದು ಡಾಕ್ಟರು ಬೈದು ಕಳಿಸಿದ್ದರು. ತುಪ್ಪದ ಅನ್ನವನ್ನು ಒಂದು ಅಗುಳು ಬಿಡದೆ ತಿಂದೆ. ಮೆಣಸು ಖಾರವಾಗಿ, ಹದವಾಗಿ ಇತ್ತು. ಅವರು ಪಕ್ಕದಲ್ಲಿ ನಿಂತು ನೋಡುತ್ತಲೇ ಇದ್ದರು.

"ನಾಳೆಯಿಂದ ಇಲ್ಲಿಗೇ ತನ್ನಿ. ನೀರಿನ ಹತ್ತಿರ ಹೋಗಬೇಡಿ. ಅವಳ ಪಾಲಿಂದು ನಾನು ತಿಂತೀನಿ" ಅಂದೆ.

ಮಾರನೆಯ ದಿನ ಅವರ ಹಿಂದೆಯೇ ಸಬ್ಬಸಿಗೆ ಪಲ್ಯದ ಡಬ್ಬಿಯೂ ಬಂತು. ಅದನ್ನೂ ತಿಂದೆ.