ಗುಡ್ಡದ ಬೈತಲೆ

ಕಂಬರ್‌ಲ್ಯಾಂಡಿನ ನಮ್ಮ ಕಣಿವೆಯಲ್ಲಿ ಶೆಡ್ ಎಂದರೆ ತಗಡಿನ ಕೊಟ್ಟಿಗೆಯಲ್ಲ, ಬೇರ್ಪಡಿಸುವುದು. ನಾನು ಚಿಕ್ಕವಳಿದ್ದಾಗ ನೆರೆಮನೆಯ ಡೈನಾ ಅತ್ತೆ ನನಗೆ ಜಡೆ ಹಾಕುತ್ತ, ಶೆಡ್ ಸೊಟ್ಟಗಾಗುತ್ತೆ ಅಲ್ಲಾಡಬೇಡ ಎಂದು ತಲೆಗೆ ಮೊಟಕುತ್ತಿದ್ದಳು. ಬೈತಲೆಗೂ ಅದೇ ಮಾತು, ಹಿಂಡಿನಿಂದ ಕುರಿಗಳನ್ನು ಬೇರೆ ಮಾಡುವುದಕ್ಕೂ ಅದೇ, ಮಳೆನೀರು ಎರಡು ಕಡೆಗೆ ಒಡೆದು ಹರಿಯುವ ಗುಡ್ಡದ ನೆತ್ತಿಗೂ ಅದೇ. ಮುಂದೆ ನಾನು ಇಲ್ಲಿಯ ಶಾಲೆಗೇ ಟೀಚರಾದಾಗ ದಪ್ಪ ಇಂಗ್ಲಿಷ್ ನಿಘಂಟು ತೆಗೆದು ನೋಡಿದೆ. ಆ ಪದಕ್ಕೆ ಸಾವಿರ ವರ್ಷ ದಾಟಿದೆಯಂತೆ. ಅದರ ದಾಯಾದಿಯೊಂದು ಜರ್ಮನರ ಬಾಯಲ್ಲಿ ಇನ್ನೂ ಬದುಕಿದೆಯಂತೆ. ಎಲೆ ಉದುರಿಸುವುದು, ಕಣ್ಣೀರು ಸುರಿಸುವುದು ಆಮೇಲೆ ಬಂದು ಸೇರಿದ ಅರ್ಥಗಳು. ಮೊದಲನೆಯದು ಬೇರೆ ಮಾಡುವುದೇ. ನನಗೆ ಮೈ ಜುಮ್ಮೆಂದಿತು. ಓಡಿಹೋಗಿ ಅತ್ತೆಗೆ ಹೇಳಿದರೆ, "ಸಾವಿರ ವರ್ಷದಿಂದ ಕುರಿ ಕಾದಿದಾರೆ, ಬಾಯಿ ಮುಚ್ಕೊಂಡು ಕಾದ್ರು ಅಂದ್ಕೊಂಡ್ಯಾ?" ಎಂದಳು.

ಇಲ್ಲಿ ಗೇಣಿಗೆ ಬಂದವರು ಜಮೀನಿನ ಜೊತೆಗೆ ಒಡೆಯನ ಹಿಂಡನ್ನೂ ವಹಿಸಿಕೊಳ್ಳುತ್ತಾರೆ. ಬಿಟ್ಟುಹೋಗುವಾಗ ಅಷ್ಟೇ ಕುರಿ ಒಪ್ಪಿಸಬೇಕು. ಅತ್ತೆಯ ವಶದಲ್ಲಿದ್ದ ಒಡೆಯನ ಕುರಿ ನೂರಿಪ್ಪತ್ತು. ಅವು ಗುಡ್ಡದ ಮೂಡಲ ಮಗ್ಗುಲಲ್ಲಿ ಮೇಯುತ್ತಿದ್ದವು. ಮದುವೆಯಾದ ಹೊಸದರಲ್ಲಿ ಕೊಂಡ ಸ್ವಂತ ಕುರಿಗಳಿಗೆ ಅವಳು ಪಡುವಣ ಮಗ್ಗುಲು ರೂಢಿ ಮಾಡಿಸಿದ್ದಳು. ಗುಡ್ಡಕ್ಕೆ ಬೇಲಿಯಿಲ್ಲ. ಎರಡು ಚಳಿಗಾಲ ದಿನವಿಡೀ ನೆತ್ತಿಯ ಮೇಲೆ ನಿಂತು, ದಾಟಿಬಂದದ್ದನ್ನೆಲ್ಲ ಹಿಂದಕ್ಕೆ ಅಟ್ಟಿದ್ದಳು. ಆಮೇಲೆ ತಾಯಿಕುರಿಗಳೇ ಮರಿಗಳಿಗೆ ಕಲಿಸಿದವು.

ಎಪ್ಪತ್ತೊಂದಕ್ಕೆ ಮಂಡಿ ಸೋತು ಅವಳು ಗೇಣಿ ಬಿಡಲು ನಿಂತಳು. ಆ ಬೇಸಿಗೆಯಲ್ಲಿ ಅವಳು ಜ್ವರದಿಂದ ಮಲಗಿದ್ದಾಗ ಕುರಿಗಳಿಗೆ ಗುರುತು ಹಚ್ಚಿದ್ದು ಮಹಾ ಬುದ್ಧಿವಂತೆಯಾದ ನಾನು. ಒಡೆಯನವಕ್ಕೆ ಬೆನ್ನಿಗೆ, ಅವಳವಕ್ಕೆ ಸೊಂಟಕ್ಕೆ ಹಚ್ಚಬೇಕಿತ್ತು. ಎಲ್ಲಕ್ಕೂ ಬೆನ್ನಿಗೇ ಕೆಂಪು ಬಳಿದಿಟ್ಟೆ.

ಹೊಸ ಗೇಣಿದಾರ ಲ್ಯಾಂಟಿ ಗ್ಯಾಸ್ಕಾರ್ತ್ ಹಿಂಡು ನೋಡಿ ಹುಬ್ಬು ಗಂಟಿಕ್ಕಿದ. ಮುದುಕಿ ಒಳ್ಳೆಯವನ್ನೆಲ್ಲ ತನಗಿಟ್ಟುಕೊಳ್ಳುತ್ತಾಳೆ ಎಂಬ ಗುಮಾನಿ ಅವನಿಗೆ. ಮುಖ ನೋಡಿ ಬೇರೆ ಮಾಡುತ್ತೇನೆ ಎಂದಳು ಅತ್ತೆ.

"ಮುಖ ನೋಡಿ ಮಣೆ ಹಾಕೋದು ಕಂಡಿದೀನಿ ಅತ್ತೆ, ಮುಖ ನೋಡಿ ಕುರಿ ಹಂಚೋದು ಇದೇ ಮೊದಲು," ಎಂದ ಲ್ಯಾಂಟಿ.

ಐವತ್ತು ವರ್ಷದ ಅವಳ ಮಾನ ನನ್ನ ಕುಂಚದಿಂದ ಹೋಗುವುದರಲ್ಲಿತ್ತು. ನನಗೆ ಅಳುವೇ ಬಂತು. ಅವಳು ಮಾತ್ರ ದೊಡ್ಡಿಯ ಬಾಯಲ್ಲಿ ನಿಂತು ನಾಯಿ ಮಾಸ್‌ಗೆ ಸಣ್ಣಗೆ ಸಿಳ್ಳೆ ಹಾಕಿದಳು. ಕುರಿಗಳು ಎದುರು ಬಂದಂತೆ ಕೋಲು ಅತ್ತ ಇತ್ತ ಆಡಿತು, ಅಷ್ಟೇ. ಕಾಲು ಗಂಟೆಯಲ್ಲಿ ಹಿಂಡು ಎರಡಾಗಿತ್ತು. ಅಂಥದ್ದನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ನಂಬಿಕೆ ಬರದಿದ್ದರೆ ಒಡೆಯನ ಪಾಲಿನ ನೂರಿಪ್ಪತ್ತರ ಮೂತಿಗೆ ನೀಲಿ ಹಚ್ಚಿ, ಎಲ್ಲವನ್ನೂ ಒಟ್ಟಿಗೆ ಗುಡ್ಡಕ್ಕೆ ಬಿಡು, ಎಂದಳು. ಲ್ಯಾಂಟಿ ಹಾಗೆಯೇ ಮಾಡಿದ. ಮೂರನೆಯ ದಿನ ಬೆಳಿಗ್ಗೆ ಮೂವರೂ ಹತ್ತಿದೆವು. ಅತ್ತೆ ನನ್ನ ಹೆಗಲು ಹಿಡಿದುಕೊಂಡಿದ್ದಳು. ನೆತ್ತಿಯಲ್ಲಿ ನಿಂತು ನೋಡಿದರೆ, ದೇವರೇ ಬಾಚಣಿಗೆ ಹಿಡಿದು ಬೈತಲೆ ತೆಗೆದ ಹಾಗೆ ಕಂಡಿತು: ನೀಲಿ ಮೂತಿಯವು ಮೂಡಲಿಗೆ, ಉಳಿದವು ಪಡುವಣಕ್ಕೆ. ಲ್ಯಾಂಟಿ ಟೋಪಿ ತೆಗೆಯಲು ಕೈ ಎತ್ತಿದವನು ಅಲ್ಲೇ ನಿಲ್ಲಿಸಿದ. ಪಡುವಣದಲ್ಲಿ ಒಂದು ನೀಲಿ ಮೂತಿ ಮೇಯುತ್ತಿತ್ತು.

"ಒಂದು ತಪ್ಪಿತಲ್ಲ ಅತ್ತೆ," ಎಂದ.

"ತಪ್ಪಿಲ್ಲಪ್ಪ. ಅದು ನನ್ನ ಟಿಬ್. ಕಳೆದ ಹಿಮದಲ್ಲಿ ಒಡೆಯನದೊಂದು ಕೊರಕಲಿಗೆ ಬಿದ್ದು ಸತ್ತುಹೋಯ್ತು. ಅದರ ಬದಲಿಗೆ ಇವಳನ್ನ ಕೊಟ್ಟಿದೀನಿ."

ಟಿಬ್ ಅವಳ ಹಿಂಡಿನಲ್ಲೇ ಚೆಲುವೆ. ಲ್ಯಾಂಟಿಯ ಟೋಪಿ ಈಗ ಕೈಗೆ ಬಂದಿತ್ತು.

"ನಾನು ಕೊಟ್ಟೆ ಅಂತ ಅವಳಿಗೇನು ಗೊತ್ತು? ಎರಡು ಚಳಿಗಾಲ ಇಲ್ಲೇ ನಿಂತ್ಕೋಬೇಕು ನೀನು, ದಾಟಿದಾಗೆಲ್ಲ ತಿರುಗಿಸ್ಬೇಕು," ಎಂದಳು ಅತ್ತೆ. "ಹೊಡೀಬೇಡ."

ಅವಳ ಉಳಿದ ಕುರಿಗಳು ಸಂತೆಗೆ ಹೋದವು. ಅತ್ತೆ ಪೇಟೆಯಲ್ಲಿದ್ದ ತಂಗಿಯ ಮನೆಗೆ ಹೋದಳು. ಆ ಚಳಿಗಾಲ ಶಾಲೆಯ ಕಿಟಕಿಯಿಂದ ಕಾಣುತ್ತಿತ್ತು: ಗುಡ್ಡದ ನೆತ್ತಿಯಲ್ಲಿ ಟೋಪಿಯಿಲ್ಲದ ಒಬ್ಬ ಮನುಷ್ಯ, ಕೈ ಚಾಚಿ, ಒಂದೇ ಒಂದು ಕುರಿಯನ್ನು ತಿರುಗಿಸುತ್ತಿದ್ದ.