ಜಾನಕಿ ನೋಡದೆ ಬಿಟ್ಟ ಸಾಲು

ಬೆಳಂಬಾರದ ಜಾನಕಿ ಓದಿದ್ದು ನಾಲ್ಕನೆಯ ತರಗತಿವರೆಗೆ. ಆದರೂ ಗಂಡ ಬೀರಾನ ರಕ್ತಪರೀಕ್ಷೆಯ ಕಾಗದ ಕೈಗೆ ಬಂದರೆ ಅವಳ ಬೆರಳು ನೇರ ಕ್ರಿಯಾಟಿನಿನ್ ಸಾಲಿಗೇ ಹೋಗುತ್ತಿತ್ತು. ಆ ಅಂಕಿ ಏರಿದಷ್ಟೂ ಕಿಡ್ನಿ ಸೋತಿದೆ ಎಂದು ಡಾಕ್ಟರು ಹೇಳಿದ್ದರು. ಬಿಪಿ ಮಾತ್ರೆಯನ್ನು ವರ್ಷಗಟ್ಟಲೆ ಉದಾಸೀನ ಮಾಡಿದ ಬೀರಾನಿಗೆ ಈಗ ಗದ್ದೆಯ ಅಂಚಿನವರೆಗೆ ನಡೆದರೂ ಏದುಸಿರು. ಸಾಗುವಳಿ, ಕೂಲಿ, ತಿಂಗಳಿಗೊಮ್ಮೆ ಕಾರವಾರದ ಬಸ್ಸು, ಎಲ್ಲ ಜಾನಕಿಯ ಹೆಗಲಿಗೇ ಬಿದ್ದು ಎರಡು ವರ್ಷವಾಗಿತ್ತು.

ಆ ಏಪ್ರಿಲ್‌ನಲ್ಲಿ ಅಂಕಿ 4.2ರಿಂದ 4.1ಕ್ಕೆ ಇಳಿದಿತ್ತು. ಡಾಕ್ಟರನ್ನು ಇನ್ನೊಂದು ದಿನ ಕಂಡರಾಯಿತೆಂದು ಇಬ್ಬರೂ ಕಾರವಾರದ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಅಷ್ಟರಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ ಪ್ರಗತಿಯ ಫೋನು.

“ಜಾನಕಕ್ಕಾ, ಊರಿಗೆ ಹೋಗ್ಬೇಡಿ. ವಾಪಸ್ ಬನ್ನಿ.”

“ಎಂತಕ್ಕೆ? ಅಂಕಿ ಕಮ್ಮಿ ಆಗಿದ್ಯಲ್ಲೇ!”

“ಅದಲ್ಲ ಅಕ್ಕಾ, ಕೆಳಗಿನ ಸಾಲು ನೋಡಿ. ಪೊಟ್ಯಾಸಿಯಂ ಆರೂವರೆ. ಐದರೊಳಗೆ ಇರ್ಬೇಕು. ಇಷ್ಟಾದ್ರೆ ಹಾರ್ಟಿಗೆ ಅಪಾಯ. ಡಾಕ್ಟರಿಗೆ ಹೇಳಿದೀನಿ, ಸೀದಾ ಆಸ್ಪತ್ರೆಗೆ ಬನ್ನಿ.”

ಇಸಿಜಿ ತೆಗೆದರು, ಇಂಜೆಕ್ಷನ್ ಕೊಟ್ಟರು. ಡಾಕ್ಟರು ಊಟದ ವಿಚಾರ ಕೇಳಿದಾಗ ಜಾನಕಿ ಎಲ್ಲ ಹೇಳಿದಳು. ಗಂಡನಿಗೆ ಸುಸ್ತೆಂದು ಹಿತ್ತಲಿನ ಎಳನೀರನ್ನು ದಿನಕ್ಕೆರಡರಂತೆ ಅವಳೇ ಕೆತ್ತಿ ಕೊಟ್ಟಿದ್ದಳು.

“ಎಳನೀರಲ್ಲಿ ಪೊಟ್ಯಾಸಿಯಂ ಜಾಸ್ತಿ. ಇವರ ಕಿಡ್ನಿ ಅದನ್ನ ಹೊರಗೆ ಹಾಕೂದಿಲ್ಲ” ಎಂದರು ಡಾಕ್ಟರು. “ಮತ್ತೆ, ಕ್ರಿಯಾಟಿನಿನ್ ನಾಲ್ಕು ಪಾಯಿಂಟ್ ಎರಡಾದರೂ ನಾಲ್ಕು ಪಾಯಿಂಟ್ ಒಂದಾದರೂ ಒಂದೇ. ಅಷ್ಟಕ್ಕೆ ಖುಷಿಪಡಬೇಡಿ, ಹೆದರಲೂ ಬೇಡಿ.”

ಅಳುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ. ಬೆಂಚಿನ ಮೇಲೆ ಕೂತು, ಎಳನೀರು ಕೆತ್ತಿದ ತನ್ನ ಕೈಗಳನ್ನೇ ನೋಡಿಕೊಂಡಳು. ಬೀರಾ ಮಂಚದಿಂದಲೇ ಅಂದ: “ಕುಡದಂವ ನಾನಲ್ವಾ? ನೀ ಎಂತಕ್ಕೆ ತಲೆ ಬಿಸಿ ಮಾಡ್ಕಂತೆ?”

ಮೂರನೆಯ ದಿನ ಪೊಟ್ಯಾಸಿಯಂ ಐದಕ್ಕೆ ಬಂತು. ಹೊರಡುವ ಮುಂಚೆ ಅವಳು ಪ್ರಗತಿಯ ಎದುರು ಕಾಗದ ಹರವಿ, ಒಂದೊಂದು ಸಾಲನ್ನೂ ಕೇಳಿ ತಿಳಿದುಕೊಂಡಳು. ಹಿಮೋಗ್ಲೋಬಿನ್ ಇಳಿದದ್ದರಿಂದಲೂ ಅವನಿಗೆ ಆ ಸುಸ್ತು ಎಂಬುದು ಆಗ ಗೊತ್ತಾಯಿತು.

ಅಂದಿನಿಂದ ಪೊಟ್ಯಾಸಿಯಂ ಕಳೆಯಲೆಂದು ತರಕಾರಿ ಬೇಯಿಸಿದ ನೀರನ್ನು ಬಸಿದು ಚೆಲ್ಲತೊಡಗಿದಳು. ಎಳನೀರು ಮನೆಯ ಮಕ್ಕಳಿಗೆ ಮಾತ್ರ. ಆದರೂ ಮಳೆಗಾಲ ಮುಗಿಯುವಷ್ಟರಲ್ಲಿ ಕ್ರಿಯಾಟಿನಿನ್ ಐದು ದಾಟಿತು. ಡಯಾಲಿಸಿಸ್‌ಗೆ ತಯಾರಿ ಮಾಡಿಕೊಳ್ಳಿ ಎಂದರು ಡಾಕ್ಟರು. ಜಾನಕಿ ಕಾಗದವನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಪೊಟ್ಯಾಸಿಯಂ ಹದದಲ್ಲಿತ್ತು. ಬಸ್ಸಿನಲ್ಲಿ ಬೀರಾನ ಭುಜಕ್ಕೆ ತಲೆಯಾನಿಸಿ ನಿದ್ದೆಹೋದವಳಿಗೆ, ಇಳಿಯಬೇಕಾದ ಅಂಕೋಲೆ ಬಂದದ್ದೇ ಗೊತ್ತಾಗಲಿಲ್ಲ, ಅವನೇ ಎಬ್ಬಿಸಬೇಕಾಯಿತು.