ದಸ್ತಗೀರನ ಕಡೆ

ಎದುರು ಮನೆಯವರು ಹೊಸ ಗೇಟು ಮಾಡಿಸಿದ್ದಾರೆ. ಇವತ್ತು ಬೆಳಿಗ್ಗೆ ಅದಕ್ಕೆ ರೆಡ್ ಆಕ್ಸೈಡ್ ಬಳಿಯುತ್ತಿದ್ದರು. ಆ ವಾಸನೆ ರಸ್ತೆ ದಾಟಿ, ಕಿಟಕಿ ಹಾದು, ಒಗ್ಗರಣೆ ಹಾಕುತ್ತಿದ್ದ ನನ್ನ ಮೂಗಿಗೆ ಬಡಿಯಿತು. ಸಾಸಿವೆ ಸೀದುಹೋಯಿತು, ಜೊತೆಗೆ ನನ್ನ ಹೊಟ್ಟೆಯೂ ಉರಿಯಿತು. ನಮ್ಮ ಯಜಮಾನರು ತೀರಿಕೊಂಡು ವರ್ಷವಾಗುತ್ತ ಬಂತು. ಮಲ್ಲಿಗೆಯ ವಾಸನೆಗೆ ಗಂಡನನ್ನು ನೆನೆಯುವ ಹೆಂಗಸರು ಪುಣ್ಯವಂತರು. ನನಗೆ ಗಂಡ ನೆನಪಾಗುವುದು ಕಬ್ಬಿಣಕ್ಕೆ ಬಳಿಯುವ ಈ ಕೆಂಪು ಬಣ್ಣದ ವಾಸನೆಗೆ. ಹೋಗಲಿ, ಅವರೊಬ್ಬರೇ ನೆನಪಾದರೆ ಆಗಬಹುದು. ಹಾಗಾಗುವುದಿಲ್ಲ. ಅವರ ಪಕ್ಕದಲ್ಲಿ ದಸ್ತಗೀರನೂ ಬಂದು ನಿಲ್ಲುತ್ತಾನೆ.

ದಸ್ತಗೀರ್ ನಮ್ಮವರ ಪಾಲುದಾರ. ಶ್ರೀನಿವಾಸಪುರ ದಾಟಿ ಮುಳಬಾಗಿಲಿನ ರಸ್ತೆಯಲ್ಲಿ ಇಬ್ಬರೂ ಸೇರಿ ಒಂದು ಶೆಡ್ಡು ಇಟ್ಟುಕೊಂಡಿದ್ದರು. ಮಾವಿನ ಮಂಡಿಗಳ ಮಾಡು ಹೊರುವ ಕಬ್ಬಿಣದ ಚೌಕಟ್ಟುಗಳು, ಅಂದರೆ ಟ್ರಸ್ಸುಗಳು, ಮಾಲೂರಿನ ಕಾರ್ಖಾನೆಗಳಿಗೆ ಕಂಬಗಳು, ರಾಯಲ್ಪಾಡಿನ ಕಡೆ ಹಳ್ಳಗಳ ಮೇಲೆ ಹಾಕುವ ಕಾಲುಸೇತುವೆಗಳು, ಎಲ್ಲವೂ ಅಲ್ಲಿಂದಲೇ ಲಾರಿ ಹತ್ತುತ್ತಿದ್ದವು. ಎದುರಿಗೆ ಸಿಕ್ಕರೆ ನಾನು ಅವನನ್ನು ದಸ್ತಗೀರ್ ಭಾಯ್ ಎಂದು, ನೀವು ಎಂದೇ ಮಾತಾಡಿಸುವುದು. ಮನಸ್ಸಿನಲ್ಲಿ ಮಾತ್ರ ಅವನು, ಇವನು. ಓದುತ್ತಿರುವ ನೀವು ಬೇರೆಯವರಲ್ಲ ಅಂದುಕೊಂಡು ಇಲ್ಲಿ ಮನಸ್ಸಿನಲ್ಲಿದ್ದ ಹಾಗೆ ಬರೆಯುತ್ತಿದ್ದೇನೆ.

ನಾನು ಹುತ್ತೂರಿನ ಕಡೆಯವಳು. ನಮ್ಮದು ರೇಷ್ಮೆ ಮೇಯಿಸುವ ಮನೆ. ಹಿಪ್ಪುನೇರಳೆ ಸೊಪ್ಪು ಹಾಕುತ್ತ, ತಟ್ಟೆ ಶುಚಿ ಮಾಡುತ್ತ ಮನೆಮಂದಿಯೆಲ್ಲ ಒಂದೇ ಸಮನೆ ಮಾತಾಡುತ್ತಿದ್ದೆವು. ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಅಲ್ಲಿಂದ ತಂದು ನನ್ನನ್ನು ಈ ಮನುಷ್ಯನಿಗೆ ಕೊಟ್ಟರು. ಉಪ್ಪು ಬೇಕಾದರೆ ಉಪ್ಪಿನ ಡಬ್ಬಿಯ ಕಡೆ ನೋಡುವವರು. ಸಾರು ಚೆನ್ನಾಗಿದ್ದರೆ ಇನ್ನೊಂದು ಸಲ ಹಾಕಿಸಿಕೊಳ್ಳುವವರು. ಮದುವೆಯಾದ ಹೊಸತರಲ್ಲಿ ಇವರಿಗೆ ನಾನು ಹಿಡಿಸಲಿಲ್ಲವೇನೋ ಎಂದು ಅತ್ತಿದ್ದೆ. ಅತ್ತೆ ಬಂದು, ಅವನು ಹುಟ್ಟಿದಾಗಲೂ ಅಳಲಿಲ್ಲ ಕಣೇ, ಬೆನ್ನು ತಟ್ಟಿ ಅಳಿಸಬೇಕಾಯಿತು ಎಂದು ಸಮಾಧಾನ ಹೇಳಿದರು.

ಹೀಗೆ ಸಮಾಧಾನ ಮಾಡಿಕೊಂಡಿದ್ದವಳು ಒಂದು ದಿನ ಬುತ್ತಿ ತೆಗೆದುಕೊಂಡು ಶೆಡ್ಡಿಗೆ ಹೋದೆ. ನೋಡುತ್ತೇನೆ, ನಮ್ಮವರು ಮಾತಾಡುತ್ತಿದ್ದಾರೆ. ಬಾಯಲ್ಲಿ ಅಲ್ಲ, ಕೈಯಲ್ಲಿ. ಗ್ರೈಂಡರಿನ ಸದ್ದಿನಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಮುಷ್ಟಿ ಹಿಡಿದರೆ ಗಟ್ಟಿಯಾಗಿ ಹಿಡಿ ಎಂದು, ಬೆರಳು ಕುಟ್ಟಿದರೆ ಒಂದು ಟಾಕಾ, ಅಂದರೆ ಚುಕ್ಕೆಯಷ್ಟು ಬೆಸುಗೆ, ಹಾಕು ಎಂದು, ಅಂಗೈ ಮಗುಚಿದರೆ ತಿರುಗಿಸು ಎಂದು. ಆ ತುದಿಯಿಂದ ಇವರು ಹುಬ್ಬು ಹಾರಿಸಿದರೆ ಈ ತುದಿಯಲ್ಲಿ ದಸ್ತಗೀರ್ ನಗುತ್ತಿದ್ದ. ನಾನು ಬುತ್ತಿ ಹಿಡಿದುಕೊಂಡು ನಿಂತೇ ಇದ್ದೆ. ನನ್ನ ಗಂಡನಿಗೆ ಹುಬ್ಬು ಹಾರಿಸಲು ಬರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಆ ರಾತ್ರಿ ಊಟಕ್ಕೆ ಕೂತಾಗ ಅವರು ತಟ್ಟೆಯ ಮೇಲೆ ಅಂಗೈ ಮಗುಚಿದರು. ಬೇಡ ಎಂದು ಗೊತ್ತಿದ್ದೂ, ತಿರುಗಿಸಬೇಕಾ ಎಂದು ಕೇಳಿ ಒಂದು ಸೌಟು ಸಾರು ಹುಯ್ದೆ. ಅವರಿಗೆ ಅರ್ಥವಾಗಲಿಲ್ಲ, ತೆಪ್ಪಗೆ ಉಂಡು ಎದ್ದರು.

ಬುತ್ತಿಯ ವಿಷಯ ಇನ್ನೂ ಒಂದಿದೆ. ನಾನು ಕಳಿಸಿದ ಮುದ್ದೆ, ಸೊಪ್ಪಿನ ಸಾರು ದಸ್ತಗೀರನ ಹೊಟ್ಟೆ ಸೇರುತ್ತಿತ್ತು. ಅವನ ಹೆಂಡತಿ ನೂರ್ಜಹಾನ್ ಕಳಿಸಿದ ರೊಟ್ಟಿ, ಹುಣಸೆಹುಳಿಯ ಖಟ್ಟಾ ನಮ್ಮವರ ಹೊಟ್ಟೆಗೆ. ನನ್ನ ಹಾಗೆ ಅವಳಿಗೂ ಉರಿಯುತ್ತಿರಬೇಕು, ಇಬ್ಬರೂ ಸೇರಿ ಬೈದುಕೊಳ್ಳೋಣ ಎಂದು ಸಂತೆಯಲ್ಲಿ ಸಿಕ್ಕಾಗ ಮಾತು ತೆಗೆದೆ. ಅವಳಿಗೆ ಉರಿಯೂ ಇಲ್ಲ, ಬೂದಿಯೂ ಇಲ್ಲ. ಗಂಡ ಹಗಲೆಲ್ಲ ಮನೆಯಿಂದ ಆಚೆ ಇದ್ದರೆ ಅವಳಿಗೆ ನೆಮ್ಮದಿಯಂತೆ. ಅಂಥ ನೆಮ್ಮದಿಯ ಮೇಲೂ ನನಗೆ ಅಸೂಯೆಯಾಯಿತು.

ಶೆಡ್ಡಿನಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಹೊಸ ಕೆಲಸ ಬಂದರೆ ಮೊದಲು ಸಿಮೆಂಟು ನೆಲದ ಮೇಲೆ ಇಡೀ ಟ್ರಸ್ಸನ್ನು, ಅದು ಎಷ್ಟು ಉದ್ದವೋ ಅಷ್ಟೇ ಉದ್ದಕ್ಕೆ, ಬರೆಯುತ್ತಿದ್ದರು. ಸುಣ್ಣದ ಪುಡಿ ಸವರಿದ ದಾರದ ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ಅವನ ಕೈಯಲ್ಲಿ. ಎಳೆದು ಮಿಡಿದರೆ ಗೆರೆ ಬೀಳುತ್ತಿತ್ತು. ಆ ಗೆರೆಗಳ ಮೇಲೆ ಮೊದಲ ಟ್ರಸ್ಸು. ಅದರ ಮೇಲೆ ಮಲಗಿಸಿ ಉಳಿದವೆಲ್ಲ. ಗೆರೆ ಅಳಿಸಿದರೆ ಎಲ್ಲವೂ ಕೆಟ್ಟಂತೆ. ಹಾಗಾಗಿ ಒಂದು ಸಲ ನಾನು ಬುತ್ತಿ ಹಿಡಿದು ನೆಟ್ಟಗೆ ನಡೆದು ಬರುತ್ತಿದ್ದಾಗ ದಸ್ತಗೀರ್ ಕೈ ಅಡ್ಡ ಮಾಡಿ, ಅಕ್ಕಾ, ಸುತ್ಕೊಂಡ್ ಬನ್ನಿ ಎಂದ. ನನ್ನ ಗಂಡನ ಶೆಡ್ಡಿನಲ್ಲಿ ನಾನು ಸುತ್ತಿಕೊಂಡು ಬರಬೇಕು. ಅವನು ಮಾತ್ರ ಗೆರೆಗಳ ನಡುವೆ ಬರಿಗಾಲಲ್ಲಿ ಓಡಾಡಬಹುದು. ಮನೆಗೆ ಬಂದು ಬಾಗಿಲು ಹಾಕಿಕೊಂಡು ಚೆನ್ನಾಗಿ ಅತ್ತೆ.

ಇಷ್ಟಾದರೂ ಮಂಡಿಯ ಪ್ರಸಂಗದ ಮುಂದೆ ಇದೆಲ್ಲ ಏನೂ ಅಲ್ಲ. ಟ್ರಸ್ಸಿಗೆ ಮನೆಯ ಮಾಡಿನ ಹಾಗೆ ಎರಡು ಇಳಿಜಾರು. ಇಳಿಜಾರಿನ ಮೇಲೆ ಕಬ್ಬಿಣದ ಅಡ್ಡಪಟ್ಟಿಗಳು, ಅವುಗಳ ಮೇಲೆ ಶೀಟು. ಪಟ್ಟಿ ಜಾರದ ಹಾಗೆ ಪ್ರತಿಯೊಂದರ ಕೆಳಮಗ್ಗುಲಿಗೂ ಒಂದು ಕಬ್ಬಿಣದ ತುಂಡು ಬೆಸೆಯುತ್ತಾರೆ, ಕ್ಲೀಟು ಅಂತ. ನೆಲದ ಮೇಲೆ ಮಲಗಿಸಿದ ಟ್ರಸ್ಸಿನಲ್ಲಿ ಎಡ ಇಳಿಜಾರಿನ ಕ್ಲೀಟು, ಪಟ್ಟಿ ಕೂರುವ ಜಾಗಕ್ಕೆ ಹಾಕಿದ ಗುರುತಿನ ಎಡಕ್ಕೆ ಬರಬೇಕು, ಬಲ ಇಳಿಜಾರಿನದು ಬಲಕ್ಕೆ. ಶೆಡ್ಡು ಶುರುವಾದಾಗಿನಿಂದ ಎಡಗಡೆ ದಸ್ತಗೀರನದು, ಬಲಗಡೆ ನಮ್ಮವರದು. ಒಂದು ವರ್ಷ ಮಾವು ಇಳಿಯುವ ಮುಂಚೆ ಒಂದು ಮಂಡಿಯ ಕೆಲಸ ಅವಸರದಲ್ಲಿತ್ತು. ಆಗಲೇ ದಸ್ತಗೀರನ ತಾಯಿಗೆ ಹುಷಾರಿಲ್ಲದೆ ಅವನು ಕೋಲಾರದ ಆಸ್ಪತ್ರೆಯಲ್ಲಿ ಕೂರಬೇಕಾಯಿತು. ನಮ್ಮವರು ಎರಡೂ ಕಡೆ ತಾವೇ ಬೆಸೆದರು. ಅವರ ಕೈಗೆ ರೂಢಿಯಿದ್ದದ್ದು ಬಲ ಒಂದೇ. ಎಡ ಇಳಿಜಾರಿನಲ್ಲೂ ಗುರುತಿನ ಬಲಕ್ಕೇ ಕ್ಲೀಟು ಕೂರಿಸಿಬಿಟ್ಟರು. ಟ್ರಸ್ಸುಗಳನ್ನೆಲ್ಲ ಮಂಡಿಯ ಕಂಬಗಳ ಮೇಲೆ ಏರಿಸಿದ ಮೇಲೆ ನೋಡಿದರೆ ಒಂದು ಇಡೀ ಇಳಿಜಾರಿನಲ್ಲಿ ಪಟ್ಟಿಗಳಿಗೆ ಕೆಳಗೆ ಆಸರೆಯೇ ಇಲ್ಲ.

ಅವತ್ತು ಬುತ್ತಿ ಕೊಡಲು ಹೋಗಿ ನಾನು ಅಲ್ಲೇ ಇದ್ದೆ. ದಸ್ತಗೀರ್ ಬಸ್ಸಿಳಿದು ನೇರ ಮಂಡಿಗೆ ಬಂದ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಇವತ್ತಾದರೂ ಇಬ್ಬರಿಗೂ ಜಗಳವಾಗುತ್ತದೆ ಎಂದು ನನಗೆ ಒಳಗೊಳಗೇ ಹಿಗ್ಗಾಗಿತ್ತು. ಅವನು ತಲೆಯೆತ್ತಿ ಮೇಲೆ ನೋಡಿದ, ಇವರನ್ನು ನೋಡಿದ.

"ನನ್ ಕಡೆ ನೀನ್ಯಾಕೆ ಮುಟ್ದೆ ಲೇ ನಾರಾಯಣ? ನಾನು ಬರ್ತಿರ್ಲಿಲ್ವಾ?"

ಅಷ್ಟೇ. ನಮ್ಮವರು ತಲೆ ತಗ್ಗಿಸಿಕೊಂಡು ನಕ್ಕರು. ಇಬ್ಬರೂ ಮೇಲೆ ಹತ್ತಿ, ಅವನು ಒಂದೊಂದೇ ಕ್ಲೀಟು ಕತ್ತರಿಸಿ ಸರಿಯಾದ ಮಗ್ಗುಲಿಗೆ ಬೆಸೆಯುತ್ತ ಹೋದ, ಇವರು ಪಕ್ಕದಲ್ಲಿ ಕೂತು ಹಿಡಿದುಕೊಟ್ಟರು. ನನ್ನ ಕಡೆ ಅಂದನಲ್ಲ, ಆ ಮಾತು ನನ್ನೊಳಗೆ ಉಳಿದುಬಿಟ್ಟಿತು. ಅವನು ಇಲ್ಲದಿದ್ದರೆ ನನ್ನ ಗಂಡನಿಗೆ ಅರ್ಧ ಮಾಡು ತಪ್ಪುತ್ತದೆ. ನಾನು ತವರಿಗೆ ಹೋಗಿ ಎಷ್ಟು ದಿನ ಕೂತರೂ ಮನೆಯಲ್ಲಿ ಏನೂ ತಪ್ಪಿದ್ದು ನನಗೆ ಕಂಡಿಲ್ಲ. ಅನ್ನ ಮಾಡಿಕೊಂಡು, ಪಾತ್ರೆ ತೊಳೆದು ಬೋರಲು ಹಾಕಿರುತ್ತಿದ್ದರು. ಆ ಮನೆಯಲ್ಲಿ ನನ್ನ ಕಡೆ ಯಾವುದು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಅವರು ಹೋದಾಗಲೂ ಹೀಗೇ ಆಯಿತು. ಮಾತಾಡಿಸಲು ಬಂದ ಮಂಡಿಯ ದೊಡ್ಡವರು, ಗಾರೆ ಕೆಲಸದವರು, ಲಾರಿಯವರು ನನಗೆ ಒಂದು ಕೈಮುಗಿದು ನೇರ ದಸ್ತಗೀರನ ಬಳಿ ಹೋಗಿ ಅವನ ಕೈ ಹಿಡಿದುಕೊಂಡರು. ನಿಮ್ಮ ಜೋಡಿ ಒಡೆದುಹೋಯಿತಲ್ಲಪ್ಪ ಎಂದು ಕಣ್ಣೀರು ಹಾಕಿದರು. ತಾಳಿ ಕಟ್ಟಿಸಿಕೊಂಡವಳು ಒಳಗೆ ಕೂತಿದ್ದೇನೆ. ದುಃಖದಲ್ಲೂ ನನಗೆ ಸಿಕ್ಕಿದ್ದು ಅವನು ತೆಗೆದುಕೊಂಡು ಮಿಕ್ಕ ಪಾಲು ಎಂದು ಸಂಕಟವಾಯಿತು.

ಆಮೇಲಿನಿಂದ ಅವನು ಶುಕ್ರವಾರ ನಮಾಜು ಮುಗಿಸಿ ಆಗಾಗ ಬರುತ್ತಾನೆ. ಜಗಲಿಯ ಮೇಲೆ ಕೂತು, ಕೊಟ್ಟ ಟೀ ಕುಡಿದು, ಬರ್ತೀನಕ್ಕಾ ಎಂದು ಹೋಗುತ್ತಾನೆ. ಇವತ್ತು ಟೀ ಮುಗಿದ ಮೇಲೂ ಏಳಲಿಲ್ಲ.

"ಅಕ್ಕಾ, ಒಂದ್ ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಮನೇಲಿ ಏನ್ ಮಾತಾಡ್ತಿದ್ದ ಅವನು?"

ನಿಮ್ಮ ಜೊತೆ ದಿನವಿಡೀ ಮಾತಾಡುತ್ತಿದ್ದರಲ್ಲ, ನನ್ನನ್ನು ಕೇಳುತ್ತೀರಲ್ಲ ಎಂದೆ.

"ನನ್ನತ್ರ ಏನ್ ಆಡ್ತಿದ್ದ? ಎತ್ತು, ಇಳ್ಸು, ತಿರುಗ್ಸು. ಅಷ್ಟೇ. ಮನಸ್ನಲ್ಲಿರೋದು ಒಂದಿನಾನೂ ಹೇಳ್ಳಿಲ್ಲ. ಸಂಜೆ ಆದ್ರೆ ಸಾಕು, ಕೈ ತೊಳ್ಕೊಂಡು ಮನೆಗೆ ಹೊರಟೇಬಿಡ್ತಿದ್ದ. ಎಲ್ಲಾ ಮನೇಲಿ ಹೇಳ್ಕೊಳ್ತಾನೆ ಅಂದ್ಕೊಂಡು ನಂಗೆ ಹೊಟ್ಟೆ ಉರೀತಿತ್ತಕ್ಕಾ. ಸುಳ್ಯಾಕೆ ಹೇಳ್ಲಿ."

ನಾನು ಇಷ್ಟು ಕಾಲ ಈ ಕಡೆ ಕೂತು ಉರಿದುಕೊಂಡಿದ್ದರೆ, ಇವನು ಆ ಕಡೆ ಕೂತು ಅದನ್ನೇ ಮಾಡುತ್ತಿದ್ದ. ಮನೆಯಲ್ಲೂ ಆಡಲಿಲ್ಲ ಕಣಪ್ಪ ಎಂಬ ನಿಜ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹಿಂದಕ್ಕೆ ತಳ್ಳಿ, ಮಾತಾಡ್ತಿದ್ರು ಎಂದುಬಿಟ್ಟೆ. ಒಂದು ಸಲವಾದರೂ ಗೆಲ್ಲಬೇಕು ಎಂಬ ಹಟ ನನಗೆ. ಅವನ ಮುಖ ಸಣ್ಣದಾಯಿತು. ಅದನ್ನು ನೋಡಿ ನಿಜವಾಗಿ ಖುಷಿಯಾಯಿತು. ಅವನು ಲೋಟವನ್ನೇ ನೋಡುತ್ತ, ಏನಂತ ಎಂದು ಮೆಲ್ಲಗೆ ಕೇಳಿದ.

"ಇನ್ನೇನು, ನಿಮ್ ವಿಷ್ಯಾನೇ. ದಸ್ತಗೀರ ಹಂಗಂದ, ದಸ್ತಗೀರ ಹಿಂಗ್ ಮಾಡ್ದ ಅಂತ. ಕೇಳಿ ಕೇಳಿ ನಂಗೆ ಸಾಕಾಗೋಗಿತ್ತು."

ಎಲ್ಲಿಂದ ಬಂತೋ ಆ ಮಾತು, ನನಗೇ ಗೊತ್ತಿಲ್ಲ. ಅವನು ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡ. ಆಮೇಲೆ ಎದ್ದು, ಲೋಟವನ್ನು ಜಗಲಿಯ ಅಂಚಿಗೆ ಸರಿಸಿಟ್ಟು ಹೋದ.

ನಾನು ಲೋಟ ತೊಳೆದಿಟ್ಟು ಬಂದು ಇದನ್ನು ಬರೆಯುತ್ತ ಕೂತಿದ್ದೇನೆ. ನಮ್ಮವರು ಬದುಕಿದ್ದಾಗ ಆಡದ ಮಾತನ್ನೆಲ್ಲ ನಾನೇ ಹೊಸೆದು ಆ ಮನುಷ್ಯನ ಕೈಗೆ ಕೊಟ್ಟು ಕಳಿಸಿದ್ದೇನೆ. ಒಂದೆರಡನ್ನು ನನಗೂ ಇಟ್ಟುಕೊಳ್ಳಬಹುದಿತ್ತು. ಅವನು ದಾರಿಯುದ್ದಕ್ಕೂ ಅದನ್ನೇ ನೆನೆದುಕೊಂಡು ಹೋಗಿರುತ್ತಾನೆ ಎಂದರೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ಅವನು ಬರುವ ಶುಕ್ರವಾರವೂ ಬರುತ್ತಾನೆ, ಇನ್ನೂ ಏನೇನು ಹೇಳುತ್ತಿದ್ದ ಎಂದು ಕೇಳೇ ಕೇಳುತ್ತಾನೆ. ಏನು ಹೇಳಲಿ ಎಂದು ಈಗಿನಿಂದಲೇ ಯೋಚಿಸುತ್ತಿದ್ದೇನೆ.